ದೈತ್ಯ ಮೃಗವನ್ನು ಮಣಿಸುವ ವಿದ್ಯೆ

ಪರದೆಯ ಮೇಲಿನ ಮೃಗ ಮೂರಾಳೆತ್ತರ ಇರುತ್ತದೆ. ಎದುರಿಗೆ ನಿಂತ ಬೇಟೆಗಾರನ ಕೈಯಲ್ಲಿ ಒಂದು ಕತ್ತಿ, ಸೊಂಟದ ಚೀಲದಲ್ಲಿ ಒಂದಿಷ್ಟು ಔಷಧ. ಒಂದು ಏಟಿಗೆ ಮೃಗ ಬೀಳುವುದಿಲ್ಲ, ನೂರು ಏಟಿಗೂ ಬೀಳದಿರಬಹುದು. ಅದು ಬಾಲ ಬೀಸಿತೆಂದರೆ ಬೇಟೆಗಾರ ಎರಡು ಮೂರು ಹೊಡೆತಕ್ಕೇ ನೆಲ ಕಚ್ಚುತ್ತಾನೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2004ರಲ್ಲಿ ಹೊರತಂದ ‘ಮಾನ್‌ಸ್ಟರ್ ಹಂಟರ್’ ಆಟದ ತಿರುಳು ಈ ಅಸಮ ಕಾಳಗ. ಒಂದು ಬೇಟೆಗೆ ಸಾಮಾನ್ಯವಾಗಿ 50 ನಿಮಿಷದ ಗಡುವು. ನಾಲ್ಕು ಮಂದಿಯವರೆಗೆ ಕೂಡಿ ಆಡಬಹುದು. ಮೃಗದ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿ ಪರದೆಯ ಮೇಲೆ ಇಲ್ಲ. ದಣಿದಾಗ ಅದು ಜೊಲ್ಲು ಸುರಿಸುತ್ತದೆ, ಸೋಲು ಹತ್ತಿರವಾದಾಗ ಕುಂಟುತ್ತ ತನ್ನ ಗೂಡಿನ ಕಡೆ ಹೊರಡುತ್ತದೆ. ಆಡುವವನು ಈ ಗುರುತುಗಳನ್ನು ಓದಿಕೊಳ್ಳಬೇಕು. 2023ರಲ್ಲಿ ಇದೇ ಆಟದ ಫೋನ್ ಆವೃತ್ತಿಯೂ ಬಂತು. ಅದರಲ್ಲಿ ಗಡುವು 75 ಸೆಕೆಂಡು.

ಇಷ್ಟೆಲ್ಲ ಇದ್ದರೂ ಹತ್ತು ವರ್ಷದ ಹುಡುಗಿಯೂ ಈ ಮೃಗವನ್ನು ಕೆಡವುತ್ತಾಳೆ. ಮೊದಲ ದಿನ ಸೋತವಳು ವಾರದೊಳಗೆ ಗೆಲ್ಲುತ್ತಾಳೆ. ಆ ವಾರದಲ್ಲಿ ಅವಳ ಕತ್ತಿ ದೊಡ್ಡದಾಗಿರುವುದಿಲ್ಲ, ಮೃಗವೂ ಚಿಕ್ಕದಾಗಿರುವುದಿಲ್ಲ. ಹಾಗಾದರೆ ಬದಲಾದದ್ದು ಏನು? ಉತ್ತರಕ್ಕೆ ಮೃಗದ ಮೈಯ ಭೌತಶಾಸ್ತ್ರ, ಆಡುವವರ ಮಿದುಳು, ಮನುಷ್ಯಕುಲದ ಬೇಟೆಯ ಚರಿತ್ರೆ, ಈ ಮೂರನ್ನೂ ನೋಡಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ನೇಕಾರರ ಊರು ಬನಹಟ್ಟಿಯ ತೆಂಕಣಕ್ಕೆ ಹರಿಯುವ ಘಟಪ್ರಭಾ ನದಿಯ ದಂಡೆಯಿಂದಲೇ ಶುರುಮಾಡಬಹುದು.

ಘಟಪ್ರಭೆಯ ಘೇಂಡಾಮೃಗ

ರಬಕವಿ-ಬನಹಟ್ಟಿಯ ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಗೋಕಾಕದಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆ ಮುಧೋಳವನ್ನು ಹಾದು, ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಇಂದು ಈ ದಂಡೆಗಳ ತುಂಬ ಕಬ್ಬು. ಒಂದು ಕಾಲಕ್ಕೆ ಇಲ್ಲಿ ಘೇಂಡಾಮೃಗ ಮೇಯುತ್ತಿತ್ತು.

ಇದನ್ನು ಲೋಕಕ್ಕೆ ತಿಳಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸದ ಬಾಗಿಲು ತೆರೆದವರು ಇವರೇ. ಆಮೇಲೆ ಇತ್ತ ಬಂದು, ಆಗ ದಕ್ಷಿಣ ಮರಾಠಾ ಸೀಮೆ ಎನ್ನುತ್ತಿದ್ದ ಈ ನಾಡಿನ ಕಲ್ಲುಮಣ್ಣನ್ನು ಅಳೆದರು. ಗೋಕಾಕದ ಸಮೀಪ ನದಿಯ ಹಳೆಯ ಮೆಕ್ಕಲಿನಲ್ಲಿ ಅವರಿಗೆ ಕಲ್ಲಾಗಿ ಹೋದ ಹಲ್ಲು, ಮೂಳೆಗಳು ಸಿಕ್ಕವು. ಅವುಗಳನ್ನು ಹೊಸ ಪ್ರಭೇದವೆಂದು ಪರಿಗಣಿಸಿ, 1874ರಲ್ಲಿ ‘ರೈನೋಸೆರಾಸ್ ಡೆಕ್ಕನೆನ್ಸಿಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ದಖ್ಖನ್ನಿನ ಘೇಂಡಾಮೃಗ ಎಂದು ಅದರ ಅರ್ಥ. ಭಾರತದ ಘೇಂಡಾಮೃಗಕ್ಕೆ ವರ್ಷವಿಡೀ ಹಸಿರು ಮೇವು, ಬತ್ತದ ನೀರು ಬೇಕು. ಅದರ ಒಂದೊಂದು ಮೂಳೆಯೂ ಆ ಕಾಲದ ಈ ಕಣಿವೆಯ ಹವೆಗೆ ಸಾಕ್ಷಿ ಹೇಳುತ್ತದೆ.

ಅದೇ ನದಿಯ ಕೆಳದಂಡೆಗೆ, ಬೀಳಗಿ ತಾಲೂಕಿನ ಅನಗವಾಡಿಯಲ್ಲಿ, ಮನುಷ್ಯರ ಗುರುತು ಸಿಕ್ಕಿತು. ಪುಣೆಯ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು 1960ರ ದಶಕದಲ್ಲಿ ಇಲ್ಲಿ ಉತ್ಖನನ ಮಾಡಿ, ಗಟ್ಟಿಯಾಗಿ ಬೆಸೆದುಕೊಂಡ ಗರಸಿನ ಪದರದಿಂದ ಹಳೆ ಶಿಲಾಯುಗದ ಅಶೂಲಿಯನ್ ಎಂಬ ಹಂತದ ಕಲ್ಲಿನ ಉಪಕರಣಗಳನ್ನು ಹೊರತೆಗೆದರು. ಮೇಲ್ ಕೃಷ್ಣಾ ಕಣಿವೆಯ ಮೇಲೆ ಅವರು ಬರೆದ ಗ್ರಂಥ 1974ರಲ್ಲಿ ಪ್ರಕಟವಾಯಿತು. ಇಲ್ಲಿನ ಮಂದಿ ಆರಿಸಿಕೊಂಡದ್ದು ಸುತ್ತಲಿನ ಕಲಾದಗಿ ಶಿಲಾಸ್ತರಗಳಿಂದ ಒಡೆದು ಬಂದ ಕ್ವಾರ್ಟ್ಜೈಟ್ ಕಲ್ಲನ್ನು. ಅದನ್ನು ಎರಡೂ ಮಗ್ಗುಲಿಗೆ ಚಕ್ಕೆ ಎಬ್ಬಿಸಿ, ಒಂದು ತುದಿ ಚೂಪಾಗಿ, ಇನ್ನೊಂದು ತುದಿ ಅಂಗೈಗೆ ಕೂಡುವಂತೆ ಕೈಗೊಡಲಿ ಮಾಡಿದ್ದರು.

ಇಂಥ ಉಪಕರಣಗಳ ವಯಸ್ಸು ಎಷ್ಟಿರಬಹುದು ಎಂಬುದಕ್ಕೆ ಇದೇ ಕೃಷ್ಣೆಯ ಕಣಿವೆಯ ಇಸಾಂಪುರ ಒಂದು ಅಳತೆಗೋಲು. ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಈ ನೆಲೆಯನ್ನು ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದರು. ಅಲ್ಲಿ ಸಿಕ್ಕ ಸಸ್ಯಾಹಾರಿ ಪ್ರಾಣಿಯ ಹಲ್ಲಿನ ಹೊಳಪು ಪದರವನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಮಣ್ಣಿನಲ್ಲಿರುವ ವಿಕಿರಣ ಹಲ್ಲಿನೊಳಗೆ ಎಲೆಕ್ಟ್ರಾನುಗಳನ್ನು ವರ್ಷವರ್ಷವೂ ಸಿಕ್ಕಿಸುತ್ತ ಹೋಗುತ್ತದೆ. ಸಿಕ್ಕಿಕೊಂಡವು ಎಷ್ಟು ಎಂದು ಅಳೆದರೆ ಹಲ್ಲು ಎಷ್ಟು ಕಾಲ ಹೂತಿತ್ತೆಂದು ಲೆಕ್ಕ ಸಿಗುತ್ತದೆ. ಆ ಕಾಲದ ಮನುಷ್ಯ ನಮ್ಮ ಪ್ರಭೇದದವನಲ್ಲ, ನಮಗಿಂತ ಹಿಂದಿನವನು. ಆದರೂ ಟನ್ನುಗಟ್ಟಲೆ ತೂಗುವ ಮೃಗಗಳ ನಡುವೆ ಕೈಯಲ್ಲಿ ಕಲ್ಲು ಹಿಡಿದು ಬದುಕು ನಡೆಸಿದ.

ದೊಡ್ಡ ಮೈಯ ಕಷ್ಟ

ದೈತ್ಯನೊಡನೆ ಸೆಣಸುವವನು ಮೊದಲು ತಿಳಿಯಬೇಕಾದ್ದು, ದೊಡ್ಡ ಮೈಗೆ ಶಕ್ತಿಯ ಜೊತೆಗೆ ತೊಡಕೂ ಬರುತ್ತದೆ ಎಂಬುದನ್ನು. ಇದನ್ನು ಲೆಕ್ಕ ಹಾಕಿ ತೋರಿಸಿದವರು ಗೆಲಿಲಿಯೊ, 1638ರ ಗ್ರಂಥದಲ್ಲಿ. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ ತೂಕ ಎಂಟು ಪಟ್ಟು ಆಗುತ್ತದೆ. ಆ ತೂಕ ಹೊರುವ ಮೂಳೆಯ ಅಡ್ಡಕೊಯ್ತ ಮಾತ್ರ ನಾಲ್ಕೇ ಪಟ್ಟು ಹೆಚ್ಚುತ್ತದೆ. ಆದ್ದರಿಂದ ದೊಡ್ಡ ಪ್ರಾಣಿಯ ಕಾಲು ಕಂಬದಂತೆ ದಪ್ಪಗಿರಬೇಕು, ನೆಟ್ಟಗೆ ನಿಲ್ಲಬೇಕು. ಆನೆ ಜಿಗಿಯದು. 2003ರಲ್ಲಿ ಜಾನ್ ಹಚಿನ್ಸನ್ ಮತ್ತು ಸಂಗಡಿಗರು ಥಾಯ್ಲೆಂಡಿನ ಆನೆಗಳ ಓಟವನ್ನು ಅಳೆದಾಗ, ಅವು ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮುಟ್ಟಿದವು. ಅಷ್ಟು ವೇಗದಲ್ಲೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲಿಲ್ಲ. ಘೇಂಡಾಮೃಗ ಆನೆಗಿಂತ ಚಿಕ್ಕದು, ಅದಕ್ಕೆ ನಾಗಾಲೋಟ ಸಾಧ್ಯ. ಅದರ ಎದುರು ಓಡಿ ಗೆಲ್ಲುವ ಮಾತೇ ಇಲ್ಲ, ಮಗ್ಗುಲಿಗೆ ಸರಿದು ಉಳಿಯಬೇಕು.

ಕಾಲು ಬೀಸುವುದಕ್ಕೂ ನಿಯಮವಿದೆ. ಲೋಲಕ ಉದ್ದವಾದಷ್ಟೂ ನಿಧಾನವಾಗಿ ತೂಗುತ್ತದೆ. ಉದ್ದ ನಾಲ್ಕು ಪಟ್ಟಾದರೆ ಒಂದು ತೂಗಿಗೆ ಬೇಕಾದ ಹೊತ್ತು ಇಮ್ಮಡಿಯಾಗುತ್ತದೆ. ದೈತ್ಯನ ಕಾಲು, ಕತ್ತು, ಬಾಲ ಬೀಸಿ ಬರುವ ಮುನ್ನ ಒಂದು ಕ್ಷಣ ಸಿಗುವುದು ಇದರಿಂದಲೇ. ಅದರ ನರಗಳಿಗೂ ದೂರದ ಹೊರೆ ಇದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೂಗಿಲಿ ಮತ್ತು ಆನೆಯ ಕಾಲಿನ ನರಗಳನ್ನು ಹೋಲಿಸಿತು. ಪುಟ್ಟ ಮೂಗಿಲಿಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 42 ಮೀಟರ್ ವೇಗದಲ್ಲಿ ಸಾಗಿದರೆ, ಆನೆಯಲ್ಲಿ ಸುಮಾರು 70 ಮೀಟರ್. ಮೈ ಲಕ್ಷಾಂತರ ಪಟ್ಟು ಭಾರವಾದರೂ ನರದ ವೇಗ ಇಮ್ಮಡಿ ಕೂಡ ಆಗಲಿಲ್ಲ. ಆನೆಯ ಪಾದಕ್ಕೆ ಮುಳ್ಳು ಚುಚ್ಚಿದ ಸುದ್ದಿ ಎರಡೂವರೆ ಮೀಟರ್ ಮೇಲಿನ ಬೆನ್ನುಹುರಿಗೆ ಮುಟ್ಟಲು ಸುಮಾರು 36 ಮಿಲಿಸೆಕೆಂಡು ಬೇಕು, ಮೂಗಿಲಿಗೆ ಒಂದೆರಡು ಮಿಲಿಸೆಕೆಂಡು ಸಾಕು. ಆಟ ರೂಪಿಸುವವರು ದೈತ್ಯ ಮೃಗಕ್ಕೆ ನಿಧಾನದ ಬೀಸು ಕೊಟ್ಟಾಗ ಅದು ನಮಗೆ ಸಹಜವೆನಿಸುವುದು, ನಿಸರ್ಗದಲ್ಲೂ ದೊಡ್ಡ ಮೈ ಹಾಗೇ ಚಲಿಸುವುದರಿಂದ.

ಮೂರನೆಯ ತೊಡಕು ಕಾವು. 10 ಟನ್ನಿನ ಮೃಗವೊಂದು 60 ಕಿಲೋ ಮನುಷ್ಯನ ಸುಮಾರು 167 ಪಟ್ಟು ತೂಗುತ್ತದೆ. ಆಕಾರ ಒಂದೇ ಬಗೆಯದೆಂದುಕೊಂಡರೆ, ಪ್ರತಿ ಕಿಲೋ ತೂಕಕ್ಕೆ ಅದಕ್ಕೆ ಸಿಗುವ ಚರ್ಮ ನಮ್ಮದರ ಐದನೆಯ ಒಂದು ಪಾಲಿಗಿಂತ ಕಡಿಮೆ. ಪ್ರತಿ ಕಿಲೋಗೆ ಅದರ ಮೈಯಲ್ಲಿ ಹುಟ್ಟುವ ಕಾವೂ ನಮಗಿಂತ ಕಡಿಮೆಯೇ, ಆದರೆ ಚರ್ಮ ಕಡಿಮೆಯಾದಷ್ಟು ಕಾವು ಕಡಿಮೆಯಾಗುವುದಿಲ್ಲ. ಹೀಗಾಗಿ ಓಡಿ ಬಿಸಿಯಾದ ದೈತ್ಯ ತಣಿಯಲು ಬಹಳ ಹೊತ್ತು ಬೇಕು. ಆನೆ ಕಿವಿ ಬೀಸಿ, ಕೆಸರು ಬಳಿದುಕೊಂಡು ತಣಿಯುತ್ತದೆ. ಮನುಷ್ಯನ ಮೈ ಬೇರೆ ಬಗೆಯದು. ಚರ್ಮದ ಮೇಲೆ ದಟ್ಟ ಕೂದಲಿಲ್ಲ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೆವರುಗ್ರಂಥಿಗಳಿವೆ. ಬೆವರು ಆರುತ್ತ ಮೈ ತಂಪಾಗುತ್ತದೆ. ಕಲಹರಿ ಮರುಭೂಮಿಯ ಸಾನ್ ಬೇಟೆಗಾರರು ನಡುಹಗಲಿನ ಬಿಸಿಲಲ್ಲಿ ಕುಡು ಎಂಬ ದೊಡ್ಡ ಜಿಂಕೆಯ ಹೆಜ್ಜೆ ಹಿಡಿದು, ತಾಸುಗಟ್ಟಲೆ ಬೆನ್ನಟ್ಟಿ, ಅದು ಮೈ ಕಾವು ಏರಿ ನಿಂತುಬಿಡುವವರೆಗೆ ಓಡುವುದನ್ನು ಲೂಯಿ ಲೀಬೆನ್‌ಬರ್ಗ್ ಕಂಡು ದಾಖಲಿಸಿದ್ದಾರೆ. 2004ರಲ್ಲಿ ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಮನುಷ್ಯನ ಕಾಲು, ಕತ್ತು, ಪೃಷ್ಠದ ರಚನೆಯೇ ದೂರದ ಓಟಕ್ಕೆ ಒಗ್ಗಿ ಬಂದದ್ದು ಎಂದು ವಾದಿಸಿದರು. ಏಪ್ರಿಲ್ ತಿಂಗಳ ಬನಹಟ್ಟಿಯ ಬಿಸಿಲಿನಲ್ಲಿ ದುಡಿಯುವವರ ಮೈ ಇದನ್ನು ದಿನವೂ ಮಾಡಿ ತೋರಿಸುತ್ತದೆ. ಪರದೆಯ ಮೃಗ ದಣಿದು ಜೊಲ್ಲು ಸುರಿಸುವಾಗ ಅನುಭವಿ ಆಟಗಾರ ಹುರುಪಿನಿಂದ ಮುನ್ನುಗ್ಗುವುದೂ ಇದೇ ಹಳೆಯ ಲೆಕ್ಕದ ಮೇಲೆ.

ಏಟಿಗೆ ಮುಂಚಿನ ಅರ್ಧ ಸೆಕೆಂಡು

ಕಣ್ಣಿಗೆ ಏನಾದರೂ ಕಂಡು ಕೈ ಅಲುಗಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಭ್ಯಾಸದಿಂದ ಇದು ತುಸು ಇಳಿಯಬಹುದು, ಅರ್ಧಕ್ಕಿಳಿಯದು. ಹಾಗಿದ್ದೂ ಅಭ್ಯಾಸ ಮಾಡಿದ ಆಟಗಾರ್ತಿ ಮೃಗದ ಬಾಲ ಬರುವ ಮೊದಲೇ ಪಕ್ಕಕ್ಕೆ ಉರುಳಿರುತ್ತಾಳೆ. ಅವಳು ಬಾಲಕ್ಕೆ ಪ್ರತಿಕ್ರಿಯೆ ತೋರುತ್ತಿಲ್ಲ. ಬಾಲ ಏಳುವ ಮುನ್ನ ಮೃಗದ ಭುಜ ತಗ್ಗಿದ್ದನ್ನು, ತಲೆ ಹೊರಳಿದ್ದನ್ನು ನೋಡಿ, ಮುಂದಿನದನ್ನು ಮೊದಲೇ ಊಹಿಸಿದ್ದಾಳೆ.

ಈ ಊಹೆ ಹುಟ್ಟುವ ಬಗೆಯನ್ನು ನರವಿಜ್ಞಾನ ಚೆನ್ನಾಗಿ ವಿವರಿಸಿದೆ. ವುಲ್ಫ್‌ರಾಮ್ ಶುಲ್ಟ್ಜ್ ಕೋತಿಗಳ ಮಿದುಳಿನ ಡೋಪಮಿನ್ ಕೋಶಗಳನ್ನು ಗಮನಿಸುತ್ತಿದ್ದಾಗ ಒಂದು ಸಂಗತಿ ಕಂಡರು. ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ಬಳಿಕ, ಮಿಡಿತ ರಸದಿಂದ ದೀಪಕ್ಕೆ ಸರಿಯಿತು. ದೀಪ ಹೊತ್ತಿಯೂ ರಸ ಬಾರದಿದ್ದಾಗ ಮಿಡಿತ ಮಾಮೂಲಿಗಿಂತ ಕೆಳಗಿಳಿಯಿತು. 1997ರಲ್ಲಿ ಅವರು ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ ಜೊತೆ ಸೇರಿ ಪ್ರಕಟಿಸಿದ ಲೇಖನದ ಸಾರ ಇದು: ಮಿದುಳು ತನ್ನ ಊಹೆಗೂ ನಡೆದ ಘಟನೆಗೂ ನಡುವಿನ ಅಂತರವನ್ನು ಅಳೆದು, ಆ ಅಂತರದಿಂದ ಕಲಿಯುತ್ತದೆ. ಮರು ವರ್ಷವೇ ಲಂಡನ್ನಿನಲ್ಲಿ ನಡೆದ ಪೆಟ್ ಸ್ಕ್ಯಾನ್ ಪ್ರಯೋಗವೊಂದು, ವಿಡಿಯೊ ಗೇಮ್ ಆಡುವಾಗ ಮನುಷ್ಯನ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು ತೋರಿಸಿತು.

ಬನಹಟ್ಟಿಯ ನೇಕಾರರಿಗೆ ಇದು ಅಪರಿಚಿತ ವಿದ್ಯೆಯಲ್ಲ. ಮಗ್ಗ ಒಂದೇ ಲಯದಲ್ಲಿ ನಡೆಯುವಾಗ ಸದ್ದು ಅವರ ಕಿವಿಗೆ ಬಿದ್ದೂ ಬೀಳದಂತೆ ಇರುತ್ತದೆ. ಒಂದು ಎಳೆ ಹರಿದು ಲಯ ತಪ್ಪಿತೋ, ಕೈ ತಟ್ಟನೆ ಮಗ್ಗ ನಿಲ್ಲಿಸುತ್ತದೆ. ಬರಬೇಕಾದ ಸದ್ದು ಯಾವುದೆಂದು ಮಿದುಳಿಗೆ ಗೊತ್ತಿರುವುದರಿಂದ, ಬಾರದ ಸದ್ದು ಎದ್ದು ಕೇಳುತ್ತದೆ. ಮೃಗದ ಮುಂದೆ ನಿಂತವರಿಗೂ ಸೋಲು ಇದನ್ನೇ ಕಲಿಸುತ್ತದೆ. ಪ್ರತಿ ಸೋಲೂ ಒಂದು ತಪ್ಪು ಊಹೆ, ಪ್ರತಿ ತಪ್ಪು ಊಹೆಯೂ ಮುಂದಿನ ಊಹೆಗೆ ತಿದ್ದುಪಡಿ. ಮೊದಲ ದಿನ ಬರೀ ಗದ್ದಲವಾಗಿ ಕಂಡ ಮೃಗದ ಚಲನೆ ವಾರದ ಕೊನೆಗೆ ಓದಬಲ್ಲ ಬರಹವಾಗುತ್ತದೆ. 2003ರಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನೆ ಬವೆಲಿಯೆ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಷನ್ ಗೇಮ್ ಆಡುವವರು ಏಕಕಾಲಕ್ಕೆ ಹಲವು ವಸ್ತುಗಳ ಮೇಲೆ ಕಣ್ಣಿಡುವ ಪರೀಕ್ಷೆಗಳಲ್ಲಿ ಆಡದವರಿಗಿಂತ ಮುಂದಿದ್ದರು. ಆಡದವರಿಗೆ ಕೆಲವು ದಿನ ಅಂಥ ಆಟದ ತರಬೇತಿ ಕೊಟ್ಟಾಗ ಅವರ ಗಮನವೂ ಸುಧಾರಿಸಿತು. ತರಬೇತಿಯಿಂದ ಹರಿತವಾಗುವುದು ಗಮನ. ಬೇಟೆಯ ಮೊದಲ ಆಯುಧವೂ ಅದೇ.

ಒಬ್ಬರಿಂದಾಗದ ಕೆಲಸ

ನಿಜಲೋಕದಲ್ಲಿ ಮನುಷ್ಯರು ದೈತ್ಯರನ್ನು ಕೆಡವಿದ್ದಕ್ಕೆ ಗಟ್ಟಿ ಪುರಾವೆ ಜರ್ಮನಿಯಿಂದ ಬಂದಿದೆ. 1948ರಲ್ಲಿ ಲೇರಿಂಗೆನ್ ಎಂಬಲ್ಲಿ ನೇರದಂತದ ಆನೆಯೊಂದರ ಅಸ್ಥಿಪಂಜರ ಸಿಕ್ಕಿತು. ಅದರ ಪಕ್ಕೆಲುಬುಗಳ ನಡುವೆ ಯೂ ಮರದಿಂದ ಮಾಡಿದ, ಎರಡು ಮೀಟರಿಗೂ ಉದ್ದದ ಈಟಿ ಇತ್ತು. ನೋಯ್‌ಮಾರ್ಕ್-ನೋರ್ಡ್ ಎಂಬ ಇನ್ನೊಂದು ನೆಲೆಯಲ್ಲಿ ಸಿಕ್ಕ, 1,25,000 ವರ್ಷ ಹಿಂದಿನ, 70ಕ್ಕೂ ಹೆಚ್ಚು ಆನೆಗಳ 3,000ಕ್ಕೂ ಮೀರಿದ ಮೂಳೆಗಳನ್ನು ಸಬೀನ ಗೌಡ್‌ಜಿನ್‌ಸ್ಕಿ-ವಿಂಡ್‌ಹೊಯ್ಸರ್ ಮತ್ತು ಸಂಗಡಿಗರು ಪರೀಕ್ಷಿಸಿ 2023ರಲ್ಲಿ ವರದಿ ಮಾಡಿದರು. ಮೂಳೆಗಳ ಮೇಲೆ ಕಲ್ಲಿನ ಅಲಗಿನ ಗೀರುಗಳು ಸಾಲುಸಾಲಾಗಿದ್ದವು. ಸತ್ತವುಗಳಲ್ಲಿ ಹೆಚ್ಚಿನವು ಬೆಳೆದ ಗಂಡಾನೆಗಳು. ಕಾರಣ ಊಹಿಸುವುದು ಕಷ್ಟವಲ್ಲ. ಹೆಣ್ಣಾನೆ, ಮರಿಗಳು ಹಿಂಡಿನಲ್ಲಿರುತ್ತವೆ, ಬೆಳೆದ ಗಂಡು ಒಂಟಿಯಾಗಿ ತಿರುಗುತ್ತದೆ. ಒಂಟಿಯನ್ನು ಕೆಸರಿಗೋ ಗುಂಡಿಗೋ ಅಟ್ಟಬಹುದು. ಆ ಸಂಶೋಧಕರ ಲೆಕ್ಕದಂತೆ 10 ಟನ್ನಿನ ಒಂದು ಆನೆ ಕನಿಷ್ಠ 2,500 ಮಂದಿಗೆ ಒಂದು ದಿನದ ಊಟ. ಕೊಯ್ದು ಮುಗಿಸಲು 25 ಮಂದಿಗೆ ಮೂರರಿಂದ ಐದು ದಿನ ಹಿಡಿಯುತ್ತಿತ್ತು. ಆ ಬೇಟೆಗಾರರು ನಿಯಾಂಡರ್ತಾಲರು. ಒಬ್ಬೊಬ್ಬರಾಗಿ ಅವರು ಏನೂ ಮಾಡಲಾರರು. ಕೂಡಿದಾಗ ತಮ್ಮ ನೆಲದ ಅತಿ ಭಾರದ ಪ್ರಾಣಿಯನ್ನು ಕೆಡವಿದರು.

ಕೂಡಿ ಮಾಡುವುದಕ್ಕೆ ಕಲಿಸುವುದು ಬೇಕು. ಕೈಗೊಡಲಿ ಮಾಡುವುದನ್ನೇ ನೋಡಿ. ಎಲ್ಲಿ ಹೊಡೆದರೆ ಯಾವ ಚಕ್ಕೆ ಏಳುತ್ತದೆ ಎಂದು ನಾಲ್ಕು ಏಟು ಮುಂದಿನದನ್ನು ಯೋಚಿಸಬೇಕು. ಡೀಟ್ರಿಕ್ ಸ್ಟೌಟ್ ಮತ್ತು ಸಂಗಡಿಗರು ಇಂದಿನ ಮನುಷ್ಯರಿಂದ ಕೈಗೊಡಲಿ ಮಾಡಿಸಿ ಅವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಭಾಷೆಯ ಕೆಲಸದಲ್ಲಿ ತೊಡಗುವ ಕೆಲವು ಭಾಗಗಳಿಗೆ ಹೊಂದಿದ ಭಾಗಗಳೇ ಅಲ್ಲೂ ಚುರುಕಾದವು. ಅನಗವಾಡಿಯ ಗರಸಿನಲ್ಲಿ ಸಿಕ್ಕ ಕಲ್ಲುಗಳು ಹೀಗೆ ತಲೆಮಾರಿನಿಂದ ತಲೆಮಾರಿಗೆ ದಾಟಿದ ಪಾಠಗಳು. ಇಂದು ಮಕ್ಕಳು ಒಬ್ಬರಿಗೊಬ್ಬರು ಮೃಗದ ಗುಟ್ಟು ಹೇಳಿಕೊಡುವುದು ಅದೇ ಪಾಠಕ್ರಮದ ಮುಂದುವರಿಕೆ.

ಈ ತಂಡಕ್ಕೆ ಕಡೆಗೆ ಸೇರಿದ ಸದಸ್ಯ ನಾಯಿ. ‘ಮಾನ್‌ಸ್ಟರ್ ಹಂಟರ್’ ಮಾಲೆಯ 2021ರ ಆಟದಲ್ಲಿ ಬೇಟೆಗಾರನ ಜೊತೆ ನಾಯಿಯೂ ಬರುತ್ತದೆ. ನಮ್ಮ ನೆಲದಲ್ಲಿ ಈ ಗೆಳೆತನಕ್ಕೆ ಸಾವಿರ ವರ್ಷ ಹಳೆಯ ಶಾಸನವಿದೆ. ಮಂಡ್ಯ ಸೀಮೆಯ ಆತಕೂರಿನ ಕಲ್ಲು, ಕ್ರಿ.ಶ. 949-50ರದು, ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ ಅದರೊಂದಿಗೇ ಸತ್ತ ಕಥೆ ಹೇಳುತ್ತದೆ. ಗಂಗರ ಅರಸ ಬೂತುಗನಿಂದ ಆ ನಾಯಿಯನ್ನು ಬೇಡಿ ಪಡೆದವನು ಅವನ ಯೋಧ ಮಣಲೇರ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಬನಹಟ್ಟಿಯ ನೆರೆಯ ಮುಧೋಳದ ನಾಯಿ ಈ ಪರಂಪರೆಯ ಜೀವಂತ ಕುಡಿ. ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಬೆನ್ನಟ್ಟುವ ಜಾತಿ ಅದು. ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು ಎಲ್ಲವೂ ಓಟಕ್ಕೆ ಹೇಳಿ ಮಾಡಿಸಿದ್ದು. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು, 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು, ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವಿದೆ.

ನಿಜವಾದ ಮರ್ಮಸ್ಥಾನ

ಆಟದ ಪ್ರತಿ ಮೃಗಕ್ಕೂ ಒಂದು ಮರ್ಮಸ್ಥಾನ ಇರುತ್ತದೆ. ಒಂದಕ್ಕೆ ತಲೆ, ಇನ್ನೊಂದಕ್ಕೆ ಹೊಟ್ಟೆ, ಮತ್ತೊಂದಕ್ಕೆ ಬಾಲದ ಬುಡ. ನಿಸರ್ಗದ ದೈತ್ಯರ ಮರ್ಮಸ್ಥಾನ ಮೈಮೇಲೆ ಇಲ್ಲ. ಅದು ಇರುವುದು ಅವು ಮರಿ ಹಾಕುವ ವೇಗದಲ್ಲಿ. ಆನೆಯ ಗರ್ಭ 22 ತಿಂಗಳು. ಎರಡು ಮರಿಗಳ ನಡುವೆ ನಾಲ್ಕೈದು ವರ್ಷದ ಅಂತರ. 25 ಬೆಳೆದ ಹೆಣ್ಣಾನೆಗಳಿದ್ದರೂ ವರ್ಷಕ್ಕೆ ಹುಟ್ಟುವುದು ಐದಾರು ಮರಿ, ಅವುಗಳಲ್ಲಿ ಎಲ್ಲವೂ ಬದುಕುವುದಿಲ್ಲ. ಇಷ್ಟು ನಿಧಾನವಾಗಿ ಹೆಚ್ಚುವ ಆನೆಗಳನ್ನು ಹುಟ್ಟುವುದಕ್ಕಿಂತ ತುಸು ಹೆಚ್ಚು ಕೊಂದರೂ ಸಾಕು, ಕೆಲವು ಶತಮಾನಗಳಲ್ಲಿ ಕಾಡು ಬರಿದಾಗುತ್ತದೆ. ಕೊಲ್ಲುವವರಿಗೆ ತಮ್ಮ ಜೀವಮಾನದಲ್ಲಿ ಆ ಇಳಿಕೆ ಕಾಣುವುದೂ ಇಲ್ಲ.

ದೈತ್ಯರ ಅಳಿವು, ಉಳಿವು ಎರಡಕ್ಕೂ ಭಾರತದಲ್ಲಿ ಸಾಕ್ಷಿ ಇದೆ. ನರ್ಮದೆಯ ಹೆಸರು ಹೊತ್ತ ‘ಪೇಲಿಯೊಲೊಕ್ಸೊಡಾನ್ ನಮಾಡಿಕಸ್’ ಎಂಬ ಆನೆ ಜರ್ಮನಿಯ ನೇರದಂತದ ಆನೆಯ ಬಂಧು. ಒಂದು ತುಂಡು ತೊಡೆಮೂಳೆಯ ಆಧಾರದ ಮೇಲೆ ಅದರ ತೂಕ 22 ಟನ್ನಿನವರೆಗೆ ಇದ್ದಿರಬಹುದೆಂದು 2016ರಲ್ಲಿ ಅಂದಾಜಿಸಲಾಯಿತು. ಆ ಅಂದಾಜು ಸರಿಯಾದರೆ ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಸಸ್ತನಿ ನಮ್ಮದು. 2021ರಲ್ಲಿ ಅದ್ವೈತ್ ಜುಕರ್ ಮತ್ತು ಸಂಗಡಿಗರು ಉಪಖಂಡದ ಪಳೆಯುಳಿಕೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಆನೆ, ಸ್ಟೆಗೊಡಾನ್ ಎಂಬ ಆನೆಯ ದೂರದ ನಂಟ, ಒಂದು ನೀರ್ಗುದುರೆ, ಒಂದು ಕಾಡುಕುದುರೆ, ಹೀಗೆ ನಾಲ್ಕು ದೊಡ್ಡ ಪ್ರಾಣಿಗಳು ಸುಮಾರು 30,000 ವರ್ಷಗಳಿಂದ ಈಚೆಗೆ ಅಳಿದದ್ದು ಗೊತ್ತಾಯಿತು. ಆ ಅಳಿವು ಹವಾಮಾನದ ಏರಿಳಿತಕ್ಕಿಂತ ಮನುಷ್ಯರ ಹರಡುವಿಕೆಗೆ ಹೊಂದುತ್ತದೆ ಎಂಬುದು ಅವರ ತೀರ್ಮಾನ.

ಹಾಗಿದ್ದೂ ಬೇರೆ ಖಂಡಗಳಿಗೆ ಹೋಲಿಸಿದರೆ ನಮ್ಮಲ್ಲಿ ಉಳಿದದ್ದೇ ಹೆಚ್ಚು. ಉತ್ತರ ಅಮೆರಿಕದಲ್ಲಿ ದೊಡ್ಡ ಸಸ್ತನಿಗಳ ಮುಕ್ಕಾಲು ಪಾಲಿನಷ್ಟು ಕುಲಗಳು ನಾಶವಾದವು. ಬ್ರೂಸ್ ಫೂಟ್ ಅವರೇ ಅಗೆಸಿದ್ದ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಲಕ್ಷ ವರ್ಷಗಳಲ್ಲಿ ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಉಪಖಂಡದಲ್ಲಿ ಇಂದಿಗೂ ಇವೆ. ಇಲ್ಲಿ ಮೃಗಗಳೂ ಮನುಷ್ಯರೂ ಲಕ್ಷಾಂತರ ವರ್ಷ ಜೊತೆಗೇ ಬೆಳೆದದ್ದರಿಂದ, ಮೃಗಗಳು ಮನುಷ್ಯನಿಗೆ ಹೆದರುವುದನ್ನು ಮೊದಲೇ ಕಲಿತಿದ್ದವು ಎಂಬುದು ಒಂದು ಪ್ರಬಲ ವಿವರಣೆ. ನಾವು ಅವುಗಳನ್ನು ಓದುತ್ತಿದ್ದಷ್ಟು ಕಾಲವೂ ಅವು ನಮ್ಮನ್ನು ಓದುತ್ತಿದ್ದವು.

ದೈತ್ಯನನ್ನು ಮಣಿಸುವುದು ಬಲದಿಂದಲ್ಲ. ಗಮನ, ತಾಳ್ಮೆ, ಕಲಿಕೆ, ಸಂಘ, ಈ ನಾಲ್ಕರಿಂದ. ಆಟದಲ್ಲಿ ಸತ್ತ ಮೃಗ ಮುಂದಿನ ಬೇಟೆಗೆ ಮತ್ತೆ ಹಾಜರಾಗುತ್ತದೆ. ಘಟಪ್ರಭೆಯ ಘೇಂಡಾಮೃಗ ಹಾಗೆ ಬರಲಾರದು. ಅದರ ಕಥೆ ಉಳಿದಿರುವುದು ನದಿಯ ಹಳೆಯ ಗರಸಿನ ಪದರಗಳಲ್ಲಿ ಮಾತ್ರ. ಬೀಳಗಿ ಸೀಮೆಯಲ್ಲಿ ನದಿದಂಡೆಯ ಎಷ್ಟೋ ಭಾಗ ಆಲಮಟ್ಟಿಯ ಹಿನ್ನೀರಿನಡಿ ಸೇರಿದೆ. ಹೊರಗುಳಿದ ಪದರಗಳಿಗೆ ಮರಳು ತೆಗೆಯುವುದರಿಂದಲೂ ಹೊಲ ಸಮತಟ್ಟು ಮಾಡುವುದರಿಂದಲೂ ಅಪಾಯ ತಪ್ಪಿದ್ದಲ್ಲ. ಪದರದಿಂದ ಕಿತ್ತ ಮೂಳೆ ತನ್ನ ವಯಸ್ಸನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಓದುಗರಲ್ಲಿ ಒಂದು ಕೋರಿಕೆ. ಹೊಳೆಯ ದರೆಯಲ್ಲಿ ಕಲ್ಲಾದ ಹಲ್ಲು, ದಪ್ಪ ಮೂಳೆ, ಎರಡೂ ಮಗ್ಗುಲಿಗೆ ಚಕ್ಕೆ ಎಬ್ಬಿಸಿದ ಕಲ್ಲು ಕಣ್ಣಿಗೆ ಬಿದ್ದರೆ ಕೀಳಬೇಡಿ. ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ, ಜಾಗ ಬರೆದಿಟ್ಟುಕೊಳ್ಳಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ ಕಚೇರಿಗೆ ತಿಳಿಸಿರಿ.